ನೊವುಸ್: ಲ್ಯಾಟಿನ್ನಿನ ‘ಹೊಸ’

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಲ್ಯಾಟಿನ್ನಿನ ಒಂದು ಗುಣವಾಚಕದ ಬಗ್ಗೆ. ಪದ ‘ನೊವುಸ್’, ಅರ್ಥ ‘ಹೊಸ’.

ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ನವವಧು, ನವಜೋಡಿ ಅನ್ನುತ್ತೇವಲ್ಲ, ಆ ಸಂಸ್ಕೃತದ ‘ನವ’, ಗ್ರೀಕರ ‘ನೆಓಸ್’, ಈ ‘ನೊವುಸ್’ ಎಲ್ಲಕ್ಕೂ ಬೇರು ಒಂದೇ. ನವರಾತ್ರಿಯ ನವ ಮಾತ್ರ ಬೇರೆ, ಅದು ಒಂಬತ್ತು. ಲ್ಯಾಟಿನ್ನಿನಲ್ಲೂ ಇಂಥದೇ ಗೋಜಲಿದೆ. ನವೆಂಬರ್ ಹುಟ್ಟಿದ್ದು ಒಂಬತ್ತು ಎನ್ನುವ ‘ನೊವೆಮ್’ನಿಂದ. ರೋಮನ್ನರ ಹಳೆಯ ವರ್ಷ ಮಾರ್ಚ್‌ಗೆ ಶುರುವಾಗುತ್ತಿತ್ತು, ಬೆರಳು ಮಡಚಿ ಎಣಿಸಿ ನೋಡಿ.

ನಮ್ಮ ‘ಹೊಸ’ ಅಲುಗಾಡುವುದೇ ಇಲ್ಲ. ಹೊಸ ಹುಡುಗ, ಹೊಸ ಹುಡುಗಿ, ಹೊಸ ಮನೆಗಳಿಗೆ. ಬದಲಾಗುವ ಕಷ್ಟವೆಲ್ಲ ನಾಮಪದಕ್ಕೆ. ಲ್ಯಾಟಿನ್ನಿನಲ್ಲಿ ಲಿಂಗ, ವಚನ, ವಿಭಕ್ತಿ ಮೂರರಲ್ಲೂ ಗುಣವಾಚಕ ತನ್ನ ನಾಮಪದಕ್ಕೆ ಹೊಂದಬೇಕು. ಪುಲ್ಲಿಂಗಕ್ಕೆ ನೊವುಸ್, ಸ್ತ್ರೀಲಿಂಗಕ್ಕೆ ನೊವ, ನಪುಂಸಕಕ್ಕೆ ನೊವುಮ್. ಆರು ವಿಭಕ್ತಿ, ಎರಡು ವಚನ ಸೇರಿಸಿದರೆ ಕೋಷ್ಟಕದಲ್ಲಿ 36 ಮನೆ. ಹೆದರಬೇಡಿ. ಒಂದೇ ರೂಪ ಹಲವು ಮನೆಗಳಲ್ಲಿ ಕೂತಿರುತ್ತದೆ. ಬರವಣಿಗೆಯಲ್ಲಿ ಕಾಣುವ ರೂಪಗಳು 13 ಮಾತ್ರ.

1572ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಟೈಕೊ ಬ್ರಾಹೆಗೆ ಆಕಾಶದಲ್ಲಿ ಹಿಂದೆಂದೂ ಕಾಣದ ನಕ್ಷತ್ರವೊಂದು ಕಂಡಿತು. ಮರುವರ್ಷ ಅದರ ಬಗ್ಗೆ ಪುಸ್ತಕ ಬರೆದು ‘ಸ್ತೆಲ್ಲ ನೊವ’ ಎಂದು ಕರೆದ. ಲ್ಯಾಟಿನ್ನಿನಲ್ಲಿ ನಕ್ಷತ್ರ ಸ್ತ್ರೀಲಿಂಗ, ಹಾಗಾಗಿ ನೊವ. ನಕ್ಷತ್ರ ಸಿಡಿಯುವುದಕ್ಕೆ ಇವತ್ತು ಹೇಳುವ ‘ಸೂಪರ್‌ನೋವಾ’ ಪದದ ಬಾಲದಲ್ಲಿರುವುದು ಆ ಸ್ತ್ರೀಲಿಂಗದ ರೂಪವೇ.

ನನಗೆ ಇದಕ್ಕಿಂತ ರುಚಿಸುವುದು ರೋಮನ್ನರ ಅನುಮಾನ. ಹೊಸದೆಂದರೆ ಅವರಿಗೆ ಅಷ್ಟಕ್ಕಷ್ಟೆ. ‘ನೊವೈ ರೇಸ್’ ಅಂದರೆ ಸುಮ್ನೆ ‘ಹೊಸ ಸಂಗತಿಗಳು’ ಅಂತ ತಾನೇ? ಅಲ್ಲ, ರಾಜ್ಯವನ್ನೇ ಬುಡಮೇಲು ಮಾಡುವ ದಂಗೆ! ಮನೆತನದಲ್ಲಿ ಯಾರೂ ಏರದ ಕಾನ್ಸುಲ್ ಪದವಿಗೆ, ಅಂದರೆ ರೋಮ್ ಗಣರಾಜ್ಯದ ಅತ್ಯುನ್ನತ ಅಧಿಕಾರಕ್ಕೆ, ಏರಿದವನು ‘ನೊವುಸ್ ಹೊಮೊ’, ಹೊಸಬ. ಕ್ರಿ.ಪೂ. 63ರಲ್ಲಿ ಕಾನ್ಸುಲ್ ಆದ ವಾಗ್ಮಿ ಸಿಸೆರೊ ಅಂಥವನು. ಹಳೆಯ ಮನೆತನದವರ ಬಾಯಲ್ಲಿ ಆ ಮಾತಿಗೆ ತಾತ್ಸಾರದ ಧಾಟಿಯಿತ್ತು. ಸಿಸೆರೊ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡ.

ಇನ್ನು ‘ಹೆಚ್ಚು ಹೊಸ’ ಎನ್ನುವ ರೂಪ ಬಳಕೆಯಲ್ಲಿ ಬಲು ಅಪರೂಪ. ‘ಎಲ್ಲಕ್ಕಿಂತ ಹೊಸ’ ಎನ್ನುವ ‘ನೊವಿಸ್ಸಿಮುಸ್’ ಮಾತ್ರ ಹೇರಳ. ಆದರೆ ಅರ್ಥ ಜಾರಿದೆ. ತೀರ ಈಚಿನದು ಸಾಲಿನಲ್ಲಿ ಕೊನೆಗೆ ಬರುತ್ತದಲ್ಲ, ಹಾಗಾಗಿ ಅದು ‘ಕಟ್ಟಕಡೆಯ’ ಎಂದಾಯಿತು. ರೋಮನ್ ಸೇನಾಪತಿ ಸೀಸರ್ ತನ್ನ ಯುದ್ಧದ ಬರಹದಲ್ಲಿ ‘ನೊವಿಸ್ಸಿಮುಮ್ ಆಗ್ಮೆನ್’ ಎಂದರೆ ಹೊಸದಾಗಿ ಸೇರಿದ ಪಡೆ ಅಂದುಕೊಳ್ಳಬೇಡಿ. ಅದು ದಂಡಿನ ಹಿಂದಿನ ತುಕಡಿ. ನಮಸ್ಕಾರ.