ಎಕರೆ ಎಣಿಸಿದ್ದು ಸಾಕು, ಹುಲ್ಲಿನ ಬುಡ ನೋಡೋಣ

ಎಲ್ಲರಿಗೂ ನಮಸ್ಕಾರ.

100 ದನಕ್ಕೆ 30 ಎಕರೆ. ನಮ್ಮ 1966ರ ಭೂಕಂದಾಯ ನಿಯಮಗಳು ಊರಿನ ಗೋಮಾಳಕ್ಕೆ ಕಟ್ಟಿಕೊಟ್ಟ ಲೆಕ್ಕ ಇದು. ಗೋಮಾಳದಲ್ಲಿ ಜಮೀನು ಕೇಳಿ ತಾಲ್ಲೂಕು ಕಚೇರಿ ಸುತ್ತಿದವರಿಗೆ ಇದು ಬಾಯಿಪಾಠ: ದನ ಎಷ್ಟು, ಎಕರೆ ಎಷ್ಟು, ಉಳಿದದ್ದು ಎಷ್ಟು. ಆ 30 ಎಕರೆಯಲ್ಲಿ ಹುಲ್ಲು ಇದೆಯೋ, ಬರೀ ಬಳ್ಳಾರಿ ಜಾಲಿ ಇದೆಯೋ, ಮೇಲ್ಮಣ್ಣು ಯಾವತ್ತೋ ಕೆರೆ ಸೇರಿತೋ ಅಂತ ಈ ಲೆಕ್ಕ ಕೇಳುವುದಿಲ್ಲ. ಕಾಗದದ ಮೇಲೆ ಗೋಮಾಳ ಇದ್ದರೆ ದನದ ಹೊಟ್ಟೆ ತುಂಬಿದ ಹಾಗೆ!

ನಾನು ಇವತ್ತು ಹೇಳಹೊರಟಿರುವುದು ಬೇರೊಂದು ದೇಶದ ಕಥೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯ ಕೈಯಲ್ಲಿ 24 ಕೋಟಿ ಎಕರೆಗೂ ಮಿಕ್ಕಿದ ಸರ್ಕಾರಿ ನೆಲ ಇದೆ. ಸುಮಾರು ಐದು ಕರ್ನಾಟಕದಷ್ಟು. ಅದರ ಬಹುಪಾಲು ಒಣನಾಡು, ದನ ಕುರಿ ಮೇಯುವ ಜಾಗ. 1934ರ ಟೇಲರ್ ಗ್ರೇಜಿಂಗ್ ಕಾಯ್ದೆ ಬರುವ ತನಕ ಅಲ್ಲಿ ಯಾರು ಮೊದಲು ಮಂದೆ ಹೊಡೆದರೋ ಹುಲ್ಲು ಅವರದು. ಕಾಯ್ದೆ ಬಂದ ಮೇಲೆ ಪರ್ಮಿಟ್ಟು, ಶುಲ್ಕ, ತಲೆ ಎಣಿಕೆ. ಕರು ಸಮೇತ ಒಂದು ಹಸು ಒಂದು ತಿಂಗಳು ಮೇಯುವಷ್ಟು ಮೇವು ಒಂದು ಘಟಕ. ಐದು ಕುರಿ ಅಂದರೂ ಅಷ್ಟೇ. ಅಂದರೆ ಅವರೂ ಆರು ದಶಕ ನಮ್ಮ ಹಾಗೇ ತಲೆ ಎಣಿಸಿದವರೇ.

1995ರಲ್ಲಿ ಪ್ರಶ್ನೆ ಬದಲಾಯಿತು. ಆಗಿನ ಒಳಾಡಳಿತ ಕಾರ್ಯದರ್ಶಿ, ಅಂದರೆ ಈ ನೆಲದ ಇಲಾಖೆಯ ಹೊಣೆ ಹೊತ್ತ ಸಚಿವ, ಬ್ರೂಸ್ ಬ್ಯಾಬಿಟ್. ಅವರೇ ಅರಿಜೋನಾದ ದನಗಾರಿಕೆ ಮನೆತನದವರು. ದನಗಾರರ ಸಿಟ್ಟಿಗೆ ಗುರಿಯಾದವರೂ ಅವರೇ. ಹೊಸ ನಿಯಮ ನೆಲದ ಆರೋಗ್ಯಕ್ಕೆ ನಾಲ್ಕು ಮೂಲ ಮಾತು ಹೇಳಿತು: ಬಿದ್ದ ಮಳೆಯನ್ನು ಜಲಾನಯನ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡಬೇಕು, ನೀರು, ಪೋಷಕಾಂಶ, ಶಕ್ತಿ ಇವುಗಳ ಸಹಜ ಚಕ್ರ ತಿರುಗುತ್ತಿರಬೇಕು, ನೀರು ಶುದ್ಧವಿರಬೇಕು, ಅಳಿವಿನಂಚಿನ ಜೀವಿಗಳಿಗೆ ನೆಲೆ ಉಳಿಯಬೇಕು. ಇದನ್ನೇ ಆಯಾ ಸೀಮೆಗೆ ಹೊಂದುವ ಮಾನದಂಡವಾಗಿ ಬರೆಯುವಾಗ ದನಗಾರರು, ಪರಿಸರದವರು, ಸ್ಥಳೀಯ ಆಡಳಿತದವರು ಕೂತ ಸಲಹಾ ಮಂಡಳಿಗಳ ಮಾತನ್ನೂ ಕೇಳಬೇಕಿತ್ತು.

ನನಗೆ ಹೆಚ್ಚು ಇಷ್ಟವಾಗುವುದು ಅಳೆಯುವ ರೀತಿ. ಹುಲ್ಲುಗಾವಲಿಗೆ ಅವರು 17 ಸೂಚಕ ಇಟ್ಟುಕೊಂಡಿದ್ದಾರೆ. ಹೆಸರು ಕೇಳಿದರೆ ದೊಡ್ಡ ವಿಜ್ಞಾನ, ನೋಡಿದರೆ ನಮ್ಮ ಕುರಿಗಾಹಿ ದಿನಾ ನೋಡುವುದೇ. ಮಳೆನೀರು ಸಣ್ಣ ಸಣ್ಣ ಗೆರೆ ಕೊರೆದಿದೆಯಾ? ಕೊರಕಲು ಬೆಳೆಯುತ್ತಿದೆಯಾ? ಹುಲ್ಲಿನ ಬುಡ ದಿಬ್ಬದ ಮೇಲೆ ಕೂತ ಹಾಗೆ ಎದ್ದು ನಿಂತಿದೆಯಾ? ನಿಂತಿದ್ದರೆ ಹುಲ್ಲು ಮೇಲೆ ಬಂದದ್ದಲ್ಲ, ಸುತ್ತಲ ಮಣ್ಣು ಕೆಳಗೆ ಹೋಗಿದೆ. ಬರಿನೆಲ ಎಷ್ಟು? ಒಣಗಿದ ತರಗು ನೆಲದ ಮೇಲೇ ಇದೆಯೋ, ನೀರಿನ ಜೊತೆ ಕೊಚ್ಚಿಹೋಯಿತೋ? ಹುಲ್ಲು ಬೀಜ ಕಟ್ಟುವಷ್ಟು ಗಟ್ಟಿಯಾಗಿದೆಯೋ? ಹೊರಗಿಂದ ಬಂದ ಕಳೆ ಎಷ್ಟು? ಅಂಥದೇ ಮಣ್ಣು, ಅಂಥದೇ ಮಳೆಯ ಜಾಗ ಚೆನ್ನಾಗಿದ್ದರೆ ಹೇಗಿರುತ್ತದೋ ಅದಕ್ಕೆ ಇದನ್ನು ಹೋಲಿಸಿ, ಎಷ್ಟು ದೂರ ಸರಿದಿದೆ ಅಂತ ಐದು ಮೆಟ್ಟಿಲಲ್ಲಿ ಗುರುತು ಹಾಕುತ್ತಾರೆ. ಒಟ್ಟು ಅಂಕ ಕೂಡಿಸುವುದಿಲ್ಲ. ಜ್ವರದ ಡಿಗ್ರಿಯನ್ನೂ ರಕ್ತದೊತ್ತಡವನ್ನೂ ಯಾವ ಡಾಕ್ಟರೂ ಕೂಡಿಸುವುದಿಲ್ಲವಲ್ಲ.

ಮಾನದಂಡ ತಪ್ಪಿದೆ, ಅದಕ್ಕೆ ಮೇಯಿಸುವಿಕೆಯೂ ಒಂದು ಮುಖ್ಯ ಕಾರಣ ಅಂತಾದರೆ, ಮುಂದಿನ ಮೇಯಿಸುವ ವರ್ಷ ಶುರುವಾಗುವುದರೊಳಗೆ ಅಧಿಕಾರಿ ಕ್ರಮ ಕೈಗೊಳ್ಳಲೇಬೇಕು. ನಿಯಮಕ್ಕೆ ಹಲ್ಲು ಇರುವುದು ಇಲ್ಲಿ. ಜಾರಿಕೊಳ್ಳುವ ದಾರಿಯೂ ಇಲ್ಲೇ. ಯೂರೇಷ್ಯಾದಿಂದ ಹೋದ ಚೀಟ್‌ಗ್ರಾಸ್ ಎಂಬ ಕಳೆಹುಲ್ಲು ಬೇಸಿಗೆ ಮೊದಲಲ್ಲೇ ಒಣಗಿ ಕಾಳ್ಗಿಚ್ಚಿಗೆ ಸೌದೆಯಾಗುತ್ತದೆ, ಬೆಂಕಿ ಆರಿದ ಮೇಲೆ ಮತ್ತೆ ಮೊದಲು ಏಳುವುದೂ ಅದೇ. ನೆಲ ಕೆಟ್ಟದ್ದು ಕಳೆಯಿಂದಲೋ, ಬೆಂಕಿಯಿಂದಲೋ, ಕಳೆಗೆ ದಾರಿ ಮಾಡಿದ ದನದಿಂದಲೋ? ಕಾರಣವನ್ನು ಕಳೆಯ ಮೇಲೆ ಹಾಕಿ ಫೈಲು ಮುಚ್ಚಬಹುದು. ಜೊತೆಗೆ, ಪರಿಶೀಲನೆ ಬಾಕಿ ಇದ್ದರೂ ಪರ್ಮಿಟ್ಟು ನವೀಕರಿಸಬಹುದು ಅಂತ 2014ರಲ್ಲಿ ಅಲ್ಲಿನ ಸಂಸತ್ತೇ ಕಾಯ್ದೆ ತಿದ್ದಿತು. ಒಮ್ಮೆಯೂ ಪರೀಕ್ಷೆ ಕಾಣದ ಹುಲ್ಲುಗಾವಲು ಅಲ್ಲಿ ಬೇಕಾದಷ್ಟಿವೆ. ಹಾಗಾಗಿ ಅಮೆರಿಕದವರು ಮಾಡಿ ಗೆದ್ದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕಾನೂನಿನಲ್ಲಿ ಬರೆದಿದ್ದಾರೆ, ಅಷ್ಟೇ.

ನಮ್ಮಲ್ಲಿ ಹೋಲಿಕೆಗೆ ಯಾವ ನೆಲ? ತೊಡಕಿರುವುದು ಇಲ್ಲೇ. ಮರ ಕಂಡರೆ ಕಾಡು, ಮರ ಇಲ್ಲದಿದ್ದರೆ ಬಂಜರು ಅನ್ನುವ ಅಭ್ಯಾಸ ನಮ್ಮದು. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. ಬಯಲಲ್ಲಿ ಓಡುವ ಪ್ರಾಣಿಯ ಮನೆಯೊಳಗೆ ನೀಲಗಿರಿ ನೆಡುತೋಪು. ಹಸಿರಿನ ಲೆಕ್ಕದಲ್ಲಿ ಪಾಸು, ಕೃಷ್ಣಮೃಗದ ಲೆಕ್ಕದಲ್ಲಿ ನಪಾಸು. ಮಾನದಂಡ ಇರುವುದಷ್ಟೇ ಸಾಲದು, ತಪ್ಪು ಮಾನದಂಡ ಇದ್ದರೆ ದುಡ್ಡು ಖರ್ಚು ಮಾಡಿ ನೆಲ ಕೆಡಿಸುತ್ತೇವೆ.

ಹಿಂದೆ ನಮ್ಮಲ್ಲಿ ಬೇರೆ ತಿಳಿವಳಿಕೆ ಇತ್ತು. ಮೈಸೂರು ಅರಸರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಅದರ ಕಾವಲುಗಳನ್ನು, ಅಂದರೆ ಮೀಸಲಿಟ್ಟ ಹುಲ್ಲುಗಾವಲುಗಳನ್ನು, ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಅಂತ ವಿಂಗಡಿಸಿದ್ದರು. ಯಾವ ನೆಲದಲ್ಲಿ ಯಾವಾಗ ನೀರು, ಯಾವಾಗ ಹುಲ್ಲು ಅಂತ ನೋಡಿ ಮಂದೆ ಸಾಗುತ್ತಿತ್ತು. ನೆಲದ ಮೈ ನೋಡಿ ಮಾಡಿದ ನಿಯಮ ಅದು. ಈಗ ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು ಕಡೆ ಉಳಿದಿರುವ ಕಾವಲುಗಳಲ್ಲೇ ಚೆನ್ನಾಗಿರುವ ಕೆಲವನ್ನು ಹೋಲಿಕೆಯ ನೆಲ ಅಂತ ಗುರುತಿಸಬಹುದು. ಆ ಪಟ್ಟಿ ಬರೆಯುವ ಮೇಜಿನ ಸುತ್ತ ಕುರಿಗಾಹಿಯೂ ಕೂರಬೇಕು, ಬರೀ ಸಹಿ ಹಾಕಲು ಅಲ್ಲ.

ನಾಳೆ ಬೆಳಿಗ್ಗೆ ಕಾವಲಿಗೆ ಬರುವವರು ಒಂದು ಸ್ಟೀಲ್ ಲೋಟ, ನೀರು ತನ್ನಿ. ಹುಲ್ಲಿನ ಬುಡದ ಒಂದು ಚೂರು ಮಣ್ಣು, ಬರಿನೆಲದ ಒಂದು ಚೂರು ಮಣ್ಣು, ಎರಡನ್ನೂ ನೀರಿಗೆ ಬಿಡೋಣ. ಬೇರು ಹಿಡಿದ ಮಣ್ಣು ಹೆಂಟೆಯಾಗೇ ಕೂರುತ್ತದೆ, ಇನ್ನೊಂದು ನೋಡುನೋಡುತ್ತಲೇ ಕರಗುತ್ತದೆ. 17 ಸೂಚಕಗಳಲ್ಲಿ ಒಂದನ್ನು ಅವರು ಪರೀಕ್ಷಿಸುವುದೂ ಹೀಗೇ. ಬಿಸಿಲು ಏರುವ ಮೊದಲು, ಏಳಕ್ಕೆ ಹೊರಡೋಣ.