ಹಾಡೋರಿಗೆ ಇಷ್ಟದ ಹಾಡು ಯಾವುದು?

ಎಲ್ಲರಿಗೂ ನಮಸ್ಕಾರ.

ಹಾಡುವವರನ್ನೋ ನುಡಿಸುವವರನ್ನೋ ಸಂದರ್ಶನ ಮಾಡುವಾಗ ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನಿಮಗೆ ತುಂಬಾ ಇಷ್ಟವಾದ ರಾಗ ಯಾವುದು? ಉತ್ತರವೂ ನಮಗೆಲ್ಲ ಬಾಯಿಪಾಠ. 'ಎಲ್ಲಾ ರಾಗಗಳೂ ಇಷ್ಟಾನೇ, ಮಕ್ಕಳಲ್ಲಿ ಭೇದ ಮಾಡೋಕಾಗುತ್ತಾ?' ಅಲ್ಲಿಗೆ ಮಾತು ಮುಗಿಯಿತು. ಇದರಲ್ಲಿ ಕಲಾವಿದರ ತಪ್ಪೇನೂ ಇಲ್ಲ, ಪ್ರಶ್ನೆಯೇ ಸಪ್ಪೆ.

ಅದರ ಬದಲು ಹೀಗೆ ಕೇಳಿ ನೋಡಿ. ನೀವು ಕಛೇರಿಯಲ್ಲಿ ಯಾವತ್ತೂ ಹಾಡದ, ಆದರೆ ಮನೆಯಲ್ಲಿ ಒಬ್ಬರೇ ಇದ್ದಾಗ ಹಾಕ್ಕೊಂಡು ಕೇಳೋ ಸಂಗೀತ ಯಾವುದು? ಮುಖವೇ ಬೇರೆಯಾಗುತ್ತದೆ. ಫೋನು ಹೊರಗೆ ಬರುತ್ತದೆ. 'ತಡೀರಿ, ಈ ಜಾಗ ಕೇಳಿ, ಇಲ್ಲ ಇಲ್ಲ, ಸ್ವಲ್ಪ ಹಿಂದಕ್ಕೆ ಹೋಗಬೇಕು, ಹಾಂ, ಇಲ್ಲಿ' ಅಂತ ಶುರುವಾದರೆ ಎದುರಿಗಿಟ್ಟ ಚಹಾ ಆರಿ ತಣ್ಣಗಾದರೂ ಗೊತ್ತಾಗೋದಿಲ್ಲ. ಆಗ ಏನು ಹೊರಬೀಳುತ್ತೆ ಅಂತ ಮೊದಲೇ ಹೇಳೋಕಾಗೋದಿಲ್ಲ. ಹಿಂದೂಸ್ತಾನಿ ಖಯಾಲ್ ಹಾಡೋರು ಕರ್ನಾಟಕ ಸಂಗೀತದ ಎಂ.ಡಿ. ರಾಮನಾಥನ್ ಹಾಕ್ತಾರೆ. ವೀಣೆಯವರು ಗಜಲ್ ಹಾಡುವ ಬೇಗಂ ಅಖ್ತರ್ ಹಾಕ್ತಾರೆ. ಮೃದಂಗದವರ ಫೋನಿನಲ್ಲಿ ಯಕ್ಷಗಾನದ ಚಂಡೆ ಇರುತ್ತದೆ. ಕಲಿತದ್ದು ಒಂದು ಮನೆಯಲ್ಲಿ, ಮನಸ್ಸು ಕೊಟ್ಟದ್ದು ಇನ್ನೊಂದು ಮನೆಗೆ. ಇವತ್ತು ಅದನ್ನೇ ಮಾತಾಡೋಣ ಅಂತ.

ಇಷ್ಟದ ಸಂಗೀತ ಹಂಚಿಕೊಳ್ಳೋದಕ್ಕೆ ರೇಡಿಯೋನೇ ಒಳ್ಳೇ ಜಾಗ. ನಮ್ಮ ವಿವಿಧ ಭಾರತಿಯ ವಿಶೇಷ ಜಯಮಾಲಾ ನೆನಪಿದೆಯಲ್ವಾ? ಸಿನಿಮಾದ ಗಾಯಕರು, ಸಂಗೀತ ನಿರ್ದೇಶಕರು ಬಂದು ಸೈನಿಕರಿಗಾಗಿ ತಾವೇ ಹಾಡು ಆರಿಸಿ, ನಡುನಡುವೆ ಮಾತಾಡುತ್ತಾ ಕೇಳಿಸುತ್ತಿದ್ದರು. ಇಂಗ್ಲೆಂಡಿನ ಬಿಬಿಸಿಯಲ್ಲಿ 1942ರಿಂದ ಇಂಥದ್ದೇ ಒಂದು ಕಾರ್ಯಕ್ರಮ ನಡೆದುಬಂದಿದೆ. ನಿಮ್ಮನ್ನು ಯಾರೂ ಇಲ್ಲದ ಒಂದು ದ್ವೀಪಕ್ಕೆ ಬಿಟ್ಟುಬರುತ್ತಾರೆ, ಜೊತೆಗೆ ಎಂಟೇ ಎಂಟು ರೆಕಾರ್ಡು ಒಯ್ಯಬಹುದು, ಯಾವುದು ಒಯ್ಯುತ್ತೀರಿ? ಇಷ್ಟೇ ಅದರ ಆಟ. 1958ರಲ್ಲಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಅನ್ನೋ ಜರ್ಮನ್ ಗಾಯಕಿ ಬಂದರು. ಆ ಕಾಲಕ್ಕೆ ದೊಡ್ಡ ಹೆಸರು. ಆರಿಸಿದ ಎಂಟರಲ್ಲಿ ಏಳು ರೆಕಾರ್ಡು ತಾವೇ ಹಾಡಿದ್ದು! ಜನ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ನನಗೇನೋ ಇಷ್ಟೊಂದು ನಗೋ ವಿಷಯ ಅಲ್ಲ ಅನಿಸುತ್ತೆ. ಆ ರೆಕಾರ್ಡುಗಳಲ್ಲಿ ಜೊತೆಗೆ ಹಾಡಿದವರು, ನುಡಿಸಿದವರು, ಎದುರು ನಿಂತು ವಾದ್ಯವೃಂದ ನಡೆಸಿದವರು, ಆ ದಿನಗಳು, ಎಲ್ಲಾ ಇರುತ್ತಲ್ಲ.

ಈ ಶ್ವಾರ್ಟ್ಸ್‌ಕಾಫ್ ಅವರಿಗೂ ನಮ್ಮ ಮೈಸೂರಿಗೂ ಒಂದು ನಂಟಿದೆ. ಅವರ ಗಂಡ ವಾಲ್ಟರ್ ಲೆಗ್, ಲಂಡನ್ನಿನ ರೆಕಾರ್ಡಿಂಗ್ ನಿರ್ಮಾಪಕ. ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದವರು. ಇನ್ನೂ ಮದುವೆಗೆ ಮೊದಲು, ನಲವತ್ತರ ದಶಕದಲ್ಲಿ, ಲೆಗ್ ಮೈಸೂರಿಗೆ ಬಂದಿದ್ದರು. ಕರೆಸಿದವರು ಜಯಚಾಮರಾಜ ಒಡೆಯರು. ಮಹಾರಾಜರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಅರಮನೆಯಲ್ಲಿ ಸುಮಾರು 20,000 ರೆಕಾರ್ಡುಗಳ ಸಂಗ್ರಹವಿತ್ತಂತೆ. ದೊಡ್ಡ ದೊಡ್ಡ ಪಿಯಾನೋಗಳು, ಥರಾವರಿ ಸ್ಪೀಕರುಗಳು. ಲೆಗ್ ಬೆರಗಾದರು.

ಜಯಚಾಮರಾಜರು ಅಂದ ಕೂಡಲೇ ನಮಗೆ ನೆನಪಾಗೋದು 'ಶ್ರೀವಿದ್ಯಾ' ಅಂಕಿತದ 94 ಕೃತಿಗಳು. ಕರ್ನಾಟಕ ಸಂಗೀತ ಕೇಳೋರಿಗೆ ಇದು ಗೊತ್ತಿರೋ ವಿಷಯ. ಆದರೆ ಅವರು ಪಿಯಾನೋ ಕಲಿತವರು, ಪಿಯಾನೋ ಕಛೇರಿ ಕೊಡುವ ಕಲಾವಿದ ಆಗಬೇಕು ಅಂತ ಆಸೆ ಇಟ್ಟುಕೊಂಡವರು. 1940ರಲ್ಲಿ ಮೊದಲು ತಂದೆ, ಆಮೇಲೆ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡು, ಇಪ್ಪತ್ತೊಂದರ ಹುಡುಗ ಸಿಂಹಾಸನದ ಮೇಲೆ ಕೂತ. ಕಛೇರಿಯ ಕನಸು ಅಲ್ಲಿಗೆ ನಿಂತಿತು. ಕಿವಿ ನಿಲ್ಲಲಿಲ್ಲ.

ಆ ಕಿವಿಗೆ ಹಿಡಿಸಿದ್ದು ಯಾರ ಸಂಗೀತ ಗೊತ್ತಾ? ಬೀಥೋವನ್ ಅಲ್ಲ, ಮೊಜಾರ್ಟ್ ಅಲ್ಲ. ನಿಕೊಲಾಯ್ ಮೆಟ್ನರ್ ಅನ್ನೋ ರಷ್ಯಾದ ಸಂಗೀತಗಾರ. ಹುಟ್ಟಿದ್ದು ಮಾಸ್ಕೋದಲ್ಲಿ, 1880ರಲ್ಲಿ. ಕ್ರಾಂತಿಯಾದ ಮೇಲೆ ದೇಶ ಬಿಟ್ಟು ಅಲ್ಲಿ ಇಲ್ಲಿ ಅಲೆದು ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತರು. ರಷ್ಯಾದವರೇ ಆದ ಹೆಸರಾಂತ ಸಂಗೀತಗಾರ ರಾಖ್ಮನಿನೋವ್ ಇವರ ಆಪ್ತ ಗೆಳೆಯ. ತಮ್ಮ ನಾಲ್ಕನೇ ಪಿಯಾನೋ ಕಾನ್ಚೆರ್ಟೊವನ್ನು, ಅಂದರೆ ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸೋ ದೊಡ್ಡ ರಚನೆಯನ್ನು, ಮೆಟ್ನರ್‌ಗೆ ಅರ್ಪಿಸಿದವರು. ಅಂಥವರು ಮೆಚ್ಚಿದರೂ ಜನ ಮಾತ್ರ ಕಿವಿಗೊಡಲಿಲ್ಲ. ಕಾಲ ಬದಲಾಗಿತ್ತು, ಮೆಟ್ನರ್ ಬರೆಯುತ್ತಿದ್ದದ್ದು ಹಳೇ ಕಾಲದ ಮಾತು ಅಂತ ಬದಿಗೆ ಸರಿಸಿಬಿಟ್ಟಿದ್ದರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡೂ ನಿಂತಿತು. ಆರೋಗ್ಯ ಬೇರೆ ಕೆಟ್ಟಿತ್ತು.

ಅಷ್ಟು ಹೊತ್ತಿಗೆ ಮೈಸೂರಿನಿಂದ ನೆರವು ಬಂತು. ಮೆಟ್ನರ್ ಸೊಸೈಟಿ ಅಂತ ಒಂದನ್ನು ಲಂಡನ್ನಿನಲ್ಲಿ ಶುರು ಮಾಡಿ, ಅವರ ಸಂಗೀತವನ್ನು ಅವರ ಕೈಯಲ್ಲೇ ನುಡಿಸಿ ರೆಕಾರ್ಡು ಮಾಡಿಸೋದು ಅಂತ ಮಹಾರಾಜರು ತೀರ್ಮಾನ ಮಾಡಿದರು. ಖರ್ಚೆಲ್ಲಾ ಇವರದೇ. ವಯಸ್ಸಾದ, ಕಾಯಿಲೆಯ ಮೆಟ್ನರ್ ಸ್ಟುಡಿಯೋಗೆ ಬಂದು ಮೂರೂ ಕಾನ್ಚೆರ್ಟೊ ನುಡಿಸಿದರು. ಹಾಡುಗಳೂ ಆದವು. ಪಿಯಾನೋ ಮುಂದೆ ಮೆಟ್ನರ್ ಕೂತಿದ್ದಾರೆ, ಪಕ್ಕದಲ್ಲಿ ನಿಂತು ಹಾಡುತ್ತಿರೋದು ಅದೇ ಶ್ವಾರ್ಟ್ಸ್‌ಕಾಫ್! ಮೆಟ್ನರ್ ತಮ್ಮ ಮೂರನೇ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು. ಸ್ವಲ್ಪ ತಡವಾಗಿದ್ದರೆ ಮೆಟ್ನರ್ ಸಂಗೀತವನ್ನು ಮೆಟ್ನರ್ ಕೈಯಲ್ಲಿ ಕೇಳೋ ಅವಕಾಶ ಪ್ರಪಂಚಕ್ಕೆ ಇಷ್ಟರ ಮಟ್ಟಿಗೆ ಸಿಗುತ್ತಲೇ ಇರಲಿಲ್ಲ.

ದುಡ್ಡಿದ್ದವರು ಏನು ಬೇಕಾದರೂ ಮಾಡಬಹುದು ಅಂತ ನೀವು ಅನ್ನಬಹುದು. ಸರಿ. ಆದರೆ ದುಡ್ಡಿದ್ದ ಮಹಾರಾಜರು ಹಿಂದೂಸ್ತಾನದಲ್ಲಿ ಎಷ್ಟೊಂದು ಜನ ಇದ್ದರು, ಮೆಟ್ನರ್‌ನನ್ನು ಹುಡುಕಿದವರು ಒಬ್ಬರೇ ಅಲ್ವಾ? ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರೌಸ್ ಸಾಯುವ ಮುಂಚೆ ಬರೆದ ನಾಲ್ಕು ಕೊನೆಯ ಹಾಡುಗಳದ್ದೂ ಹೀಗೇ ಆಯಿತು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಫ್ಲಾಗ್‌ಸ್ಟಾಡ್ ಅನ್ನೋ ಗಾಯಕಿ ಅವುಗಳನ್ನು ಮೊದಲ ಸಲ ಹಾಡಿದರು. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ಜಯಚಾಮರಾಜರು. ಹಾಡಿದ್ದು ರೆಕಾರ್ಡು ಆಗಿ ತಮ್ಮ ಸಂಗ್ರಹಕ್ಕೆ ಮೈಸೂರಿಗೆ ಬರಲಿ ಅಂತ.

ಇನ್ನು ಧಾರವಾಡದ ಕಡೆ ಬರೋಣ. ಇಲ್ಲಿ ಅರಮನೆ ಇಲ್ಲ.

ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ, ಅಂದರೆ ಆ ಪರಂಪರೆಯ, ಅಬ್ದುಲ್ ಕರೀಂ ಖಾನ್ ಸಾಹೇಬರು ಮೈಸೂರು ಅರಮನೆಗೆ ಹೋಗಿಬರುವಾಗ ಧಾರವಾಡದಲ್ಲಿ ಇಳಿಯುತ್ತಿದ್ದರು. ಆಗ ಅವರು ಹೋಗಿ ಕೂತು ಕೇಳುತ್ತಿದ್ದದ್ದು ಯಾರನ್ನು? ಅಂಬಾಬಾಯಿ ಅವರನ್ನು. ಗಂಗೂಬಾಯಿ ಹಾನಗಲ್ಲರ ತಾಯಿ, ಕರ್ನಾಟಕ ಸಂಗೀತದ ಗಾಯಕಿ. ಅಷ್ಟು ದೊಡ್ಡ ಉಸ್ತಾದರು, ಸುಮ್ನೆ ಕೇಳೋದಕ್ಕೆ ಅಂತ ಆ ಮನೆಗೆ ಬರುತ್ತಿದ್ದರು. ದಕ್ಷಿಣದ ಸಂಗೀತವನ್ನು ಮನಸ್ಸಿಟ್ಟು ಕಲಿತ ಮೊದಲ ಹಿಂದೂಸ್ತಾನಿ ಗಾಯಕರಲ್ಲಿ ಖಾನ್ ಸಾಹೇಬರು ಒಬ್ಬರು. ಖಯಾಲ್ ನಡುವೆ ಸರಗಮ್ ಹಾಕುವ, ಅಂದರೆ ಸ್ವರಗಳ ಹೆಸರನ್ನೇ ಹಾಡುವ ರೂಢಿ ಅವರಲ್ಲಿ ಬೆಳೆದದ್ದು ಈ ಒಡನಾಟದಿಂದಲೇ ಅಂತಾರೆ. ತ್ಯಾಗರಾಜರ ಒಂದು ಕೃತಿಯನ್ನು ರೆಕಾರ್ಡಿಗೂ ಹಾಡಿದ್ದಾರೆ, ಖರಹರಪ್ರಿಯ ರಾಗದಲ್ಲಿ. ಕೇಳಿ ನೋಡಿ, ಕೃತಿ ನಮ್ಮದು, ಗಂಟಲು ಕಿರಾಣಾದ್ದು. ಶಾಸ್ತ್ರ ಹಿಡಿದು ಕೂತರೆ ತಕರಾರು ತೆಗೀಬಹುದು. ನನಗೆ ತೆಗೆಯೋ ಮನಸ್ಸಿಲ್ಲ.

ಅದೇ ಮನೆಯಲ್ಲಿ ಇನ್ನೊಂದು ನಡೆಯಿತು. ಹುಡುಗಿ ಗಂಗೂಬಾಯಿಗೆ ಹಿಂದೂಸ್ತಾನಿ ಗಾಯಕಿ ಜೊಹ್ರಾಬಾಯಿಯ ಗ್ರಾಮಫೋನ್ ತಟ್ಟೆಗಳ ಹುಚ್ಚು. ಎಲ್ಲಿ ಆ ದನಿ ಕೇಳಿದರೂ ಓಡೋದು. ಮಗಳ ಮನಸ್ಸು ಹಿಂದೂಸ್ತಾನಿ ಕಡೆ ಹೊರಳಿದೆ ಅಂತ ತಾಯಿಗೆ ಗೊತ್ತಾಯಿತು. ತನ್ನ ದನಿ ಮಗಳ ಕಿವಿಗೆ ಅಡ್ಡ ಬರಬಾರದು ಅಂತ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡೋದನ್ನೇ ಬಿಟ್ಟರು. ಖಾನ್ ಸಾಹೇಬರು ಕೂತು ಕೇಳುತ್ತಿದ್ದ ದನಿ ಅದು! ಇದು ಸರಿಯೋ ತಪ್ಪೋ ಅಂತ ನನಗೆ ಇನ್ನೂ ತೀರ್ಮಾನ ಮಾಡೋಕಾಗಿಲ್ಲ.

ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ ಅನ್ನೋ ಹುಡುಗನೂ ಗ್ರಾಮಫೋನಿನ ಕೂಸೇ. ದೊಡ್ಡ ದೊಡ್ಡವರ ತಟ್ಟೆ ಕೇಳಿ, ಒಂದು ತಾನೂ ಬಿಡದ ಹಾಗೆ ಅವರಂತೆಯೇ ಹಾಡಿ ತೋರಿಸುತ್ತಿದ್ದ. ಆ ಹುಡುಗನೇ ಕುಮಾರ ಗಂಧರ್ವ. ಬೆಳೆದು ದೊಡ್ಡವರಾದ ಮೇಲೆ ಮರಾಠಿ ರಂಗಭೂಮಿಯ ಬಾಲಗಂಧರ್ವರ ಹಾಡುಗಳನ್ನೇ ಇಟ್ಟುಕೊಂಡು ಪೂರ್ತಿ ಒಂದು ಕಾರ್ಯಕ್ರಮ ಮಾಡಿದರು. ನನಗೆ ತಿಳಿದ ಬಾಲಗಂಧರ್ವ ಅನ್ನೋ ಅರ್ಥದ ಹೆಸರಿಟ್ಟು. ಈ ಸಲ ನಕಲು ಇಲ್ಲ. ನಾಟಕದ ಹಾಡು ಅಂದರೆ ಮೂಗು ಮುರಿಯುವ ಶಾಸ್ತ್ರೀಯದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕುಮಾರರು ಅದಕ್ಕೆಲ್ಲಾ ತಲೆ ಕೆಡಿಸಿಕೊಂಡವರಲ್ಲ.

ಖಾನ್ ಸಾಹೇಬರ ಇನ್ನೊಂದು ತಟ್ಟೆಯ ಕಥೆ ಹೇಳಿ ಮುಗಿಸುತ್ತೇನೆ. ಜಿಂಝೋಟಿ ರಾಗದ ಠುಮರಿ, ಅಂದರೆ ಭಾವ ತುಂಬಿದ ಲಘು ಶಾಸ್ತ್ರೀಯ ಹಾಡು, 'ಪಿಯಾ ಬಿನ ನಹೀ ಆವತ ಚೈನ್'. ಆ ತಟ್ಟೆಗಳ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷದಷ್ಟು ಮಾತ್ರ. ಕೀ ಕೊಟ್ಟು ಮುಳ್ಳು ಇಟ್ಟರೆ ಮೊದಲು ಗರಗರ ಸದ್ದು, ಆಮೇಲೆ ಆ ಸಣ್ಣ, ಎತ್ತರದ, ನೂಲಿನಂಥ ದನಿ. ಗದಗದ ಅಂಗಡಿಯೊಂದರಲ್ಲಿ ಅದನ್ನು ಕೇಳಿದ ಭೀಮಸೇನ ಅನ್ನೋ ಹುಡುಗ, ಹೀಗೆ ಹಾಡೋದು ಕಲೀಬೇಕು ಅಂತ 1933ರಲ್ಲಿ ಮನೆ ಬಿಟ್ಟು ಓಡಿದ. ವಯಸ್ಸು ಹನ್ನೊಂದು. ಗ್ವಾಲಿಯರ್, ಕಲ್ಕತ್ತ, ಜಲಂಧರ್ ಅಂತ ಟಿಕೆಟ್ಟಿಲ್ಲದೆ ಸುತ್ತಿದ. ಕೊನೆಗೆ ಜಲಂಧರಿನಲ್ಲಿ ಹಿಂದೂಸ್ತಾನಿ ಗಾಯಕ ವಿನಾಯಕರಾವ್ ಪಟವರ್ಧನರು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ವಾಪಸ್ ಹೋಗು ಅನ್ನೋ ಬುದ್ಧಿ ಹೇಳಿ ಕಳಿಸಿದರು. ಗದಗಕ್ಕೆ ಹತ್ತಿರದ ಕುಂದಗೋಳದಲ್ಲಿ ಗುರು. ಅವರು ಕಲಿತದ್ದು ಯಾರ ಹತ್ತಿರ? ಅದೇ ಅಬ್ದುಲ್ ಕರೀಂ ಖಾನ್ ಸಾಹೇಬರ ಹತ್ತಿರ. ಭೀಮಸೇನ ಜೋಶಿಯವರು ಆ ಜಿಂಝೋಟಿ ಠುಮರಿಯನ್ನು ಮುಂದೆ ತಾವೂ ಹಾಡಿದರು. ಎರಡೂ ರೆಕಾರ್ಡು ಇವತ್ತು ಸುಲಭವಾಗಿ ಸಿಗುತ್ತವೆ. ಹಿಂದೆ ಮುಂದೆ ಇಟ್ಟು ಕೇಳಿದರೆ ಮಜಾ. ಖಾನ್ ಸಾಹೇಬರದ್ದು ಎಲ್ಲೂ ದನಿ ಜೋರು ಮಾಡದ ಹಾಡಿಕೆ, ಜೋಶಿಯವರದ್ದು ಎದೆ ತುಂಬಿದ ಗಂಟಲು, ಆದರೂ ಕೆಲವು ಕಡೆ ಸ್ವರದ ಮೇಲೆ ನಿಲ್ಲೋ ರೀತಿ ಅದೇ.

ಮೊದಲು ಹಳೆಯ ತಟ್ಟೆಯನ್ನೇ ಹಾಕುತ್ತಿದ್ದೇವೆ. ಗರಗರ ಅಂದರೆ ರೇಡಿಯೋ ಕೆಟ್ಟಿತು ಅಂದುಕೊಳ್ಳಬೇಡಿ. ನಮಸ್ಕಾರ.