ಸಾಯುವ ಕೋಶವನ್ನು ಶ್ವಾಸಕೋಶ ಹೇಗೆ ಪತ್ತೆ ಹಚ್ಚುತ್ತದೆ?

(ದೃಶ್ಯ: ಕೆಜಿಎಫ್‌ನ ಸೈನೈಡ್ ದಿಬ್ಬಗಳು, ಗಾಳಿಗೆ ಏಳುವ ಧೂಳು)

ನಮಸ್ಕಾರ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಅಲ್ಲಿ ಕಲ್ಲು ಕೊರೆದು ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಬಂದವರ ಎದೆಯಿಂದ ಆ ಧೂಳು ಹೋಗುವುದಿಲ್ಲ. ಚಿಕ್ಕಬಳ್ಳಾಪುರದ ಕಡೆ ಕ್ರಷರ್‌ಗಳಲ್ಲಿ ದುಡಿಯುವವರಿಗೂ ಇದೇ ಅಪಾಯ.

ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕೋಶಗಳಿವೆ. ಕಸ ಕಂಡರೆ ನುಂಗುವುದೇ ಅವುಗಳ ಕೆಲಸ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕಣವನ್ನೂ ನುಂಗುತ್ತವೆ. ಅದು ಅರಗುವುದಿಲ್ಲ, ನುಂಗಿದ ಕೋಶವೇ ಸಾಯುತ್ತದೆ. ಸತ್ತ ಕೋಶ ಅಲ್ಲೇ ಬಿದ್ದಿದ್ದರೆ ಒಡೆದು ಒಳಗಿನದೆಲ್ಲ ಸೋರುತ್ತದೆ, ಉರಿಯೂತ ಜಾಸ್ತಿಯಾಗುತ್ತದೆ. ಬೇಗ ತೆಗೆಯಬೇಕು ಅಲ್ವಾ? ಆದರೆ ಯಾವುದು ಸಾಯುತ್ತಿದೆ ಅಂತ ಗೊತ್ತಾಗುವುದು ಹೇಗೆ?

(ದೃಶ್ಯ: ಗಾಳಿಚೀಲದ ಒಳಭಾಗ, ಅನಿಮೇಷನ್)

ಗಾಳಿಚೀಲದ ಒಳಗೋಡೆಗೆ ಸರ್ಫ್ಯಾಕ್ಟಂಟ್ ಎಂಬ ತೆಳು ಪದರ ಇರುತ್ತದೆ. ಚೀಲ ಕುಸಿಯದಂತೆ ನೋಡಿಕೊಳ್ಳುವ ಪದರ ಅಂತ ಶಾಲೆಯಲ್ಲಿ ಓದಿರುತ್ತೀರಿ. ಅದರಲ್ಲಿರುವ ಎಸ್‌ಪಿ-ಬಿ, ಎಸ್‌ಪಿ-ಸಿ ಪ್ರೋಟೀನ್‌ಗಳು ಆ ಕೆಲಸಕ್ಕೆ ನೆರವಾಗುತ್ತವೆ. ನನಗೆ ತುಂಬಾ ಇಷ್ಟವಾಗುವುದು ಉಳಿದೆರಡು, ಎಸ್‌ಪಿ-ಎ ಮತ್ತು ಎಸ್‌ಪಿ-ಡಿ.

ಎಸ್‌ಪಿ-ಎ ನೋಡೋಕೆ ಹೂಗುಚ್ಛದ ಹಾಗಿದೆ: 18 ಎಳೆ, ಮೂರು ಮೂರು ಸೇರಿ 6 ಕಾಂಡ, ತುದಿಯಲ್ಲಿ ತಲೆಗಳು. ಎಸ್‌ಪಿ-ಡಿಯಲ್ಲಿ 12 ಎಳೆ, 4 ಕಾಂಡ. ಕ್ಯಾಲ್ಸಿಯಂ ಇದ್ದಾಗ ಈ ತಲೆಗಳು ಸಕ್ಕರೆಯ ಅಣುಗಳನ್ನು ಹಿಡಿಯುತ್ತವೆ. ಬ್ಯಾಕ್ಟೀರಿಯಾ, ವೈರಸ್ ಸಿಕ್ಕಿಬೀಳುವುದು ಹೀಗೆ.

ಸಾಯುವ ಕೋಶದ ಮೇಲ್ಮೈಯೂ ಬದಲಾಗುತ್ತದೆ. ಒಳಗಿರಬೇಕಾದ ವಸ್ತುಗಳು ಹೊರಗೆ ಕಾಣಿಸುತ್ತವೆ. ಡಿಎನ್‌ಎ ಕೂಡ! ಎಸ್‌ಪಿ-ಡಿ ಅದನ್ನು ಹಿಡಿಯಬಲ್ಲದು. ಕೀವಿನಲ್ಲಿ ತುಂಬಿರುವ ನ್ಯೂಟ್ರೊಫಿಲ್ ಕೋಶ ಸಾಯುವ ಕೊನೆಯ ಹಂತದಲ್ಲಿ ಅದರ ಮೈಮೇಲೆ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಅಂಟಿರುತ್ತದೆ. ಅದೂ ಒಂದು ಗುರುತು. ಅಂದರೆ ಒಂದೇ ಗುರುತನ್ನು ನಂಬಿ ಈ ಕೆಲಸ ನಡೆಯುವುದಿಲ್ಲ.

ಈ ಪ್ರೋಟೀನಿನ ತಲೆಯು ಸಾಯುವ ಕೋಶವನ್ನು ಹಿಡಿದಾಗ ಅದರ ಬಾಲ, ಅಂದರೆ ಕಾಂಡದ ಭಾಗ, ಈಚೆ ಚಾಚಿಕೊಳ್ಳುತ್ತದೆ. ಮ್ಯಾಕ್ರೋಫೇಜ್ ಮೇಲಿರುವ ಕ್ಯಾಲ್ರೆಟಿಕ್ಯುಲಿನ್ ಎಂಬ ಪ್ರೋಟೀನ್ ಆ ಬಾಲವನ್ನು ಹಿಡಿಯುತ್ತದೆ, ಪಕ್ಕದ ಸಿಡಿ91 ಎಂಬ ಇನ್ನೊಂದು ಪ್ರೋಟೀನ್ ಒಳಗೆ ಸುದ್ದಿ ಮುಟ್ಟಿಸುತ್ತದೆ. ನುಂಗುವುದು ಶುರು.

ಎಸ್‌ಪಿ-ಡಿ ಇಲ್ಲದ ಇಲಿಗಳ ಶ್ವಾಸಕೋಶದಲ್ಲಿ ಸತ್ತ ಕೋಶಗಳು ರಾಶಿ ಬೀಳುತ್ತವೆ. ಆ ಪ್ರೋಟೀನಿನ ತುಣುಕನ್ನು ಹೊರಗಿನಿಂದ ಕೊಟ್ಟಾಗ ಅವು ಕಡಿಮೆಯಾದವು.

ಆದರೆ ಸಿಲಿಕಾದ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸತ್ತ ಕೋಶವನ್ನು ತೆಗೆದರೂ ಕಣ ಉಳಿಯುತ್ತದೆ. ಇನ್ನೊಂದು ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ, ಅದೂ ಸಾಯುತ್ತದೆ. ಕ್ರಷರ್‌ನಲ್ಲೋ ಕ್ವಾರಿಯಲ್ಲೋ ದುಡಿಯುವವರು ನಿಮ್ಮ ಮನೆಯಲ್ಲಿದ್ದು, ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಎದೆಯ ಎಕ್ಸ್-ರೇ ಮಾಡಿಸಿ. ಮಾಡುವ ಕೆಲಸ ಏನು, ಎಷ್ಟು ವರ್ಷದಿಂದ ಅಂತ ಡಾಕ್ಟರಿಗೆ ನೀವೇ ಮೊದಲು ಹೇಳಿ.